ಕಲೆ ಕಲಿಯಲಿಕ್ಕೆ ಮನೆ ಬಿಟ್ಟು ಓಡಬೇಕಾ?

ಬಂಟ್ವಾಳ ತಾಲೂಕಿನ ಮಂಚಿ ನಮ್ಮವರಿಗೆ ಗೊತ್ತಿಲ್ಲದ ಊರಲ್ಲ. ಅಲ್ಲಿಯ ಬಾಬುಕೋಡಿಯಲ್ಲಿ 1929ರಲ್ಲಿ ಒಬ್ಬ ಹುಡುಗ ಹುಟ್ಟಿದ. ಬಡವರ ಮನೆ. ಹುಡುಗನಿಗೆ ಹಾಡು, ನಾಟಕ ಅಂದರೆ ಪ್ರಾಣ. ಶಾಲೆಯ ನಾಟಕದಲ್ಲಿ ಪಾತ್ರ ಮಾಡಿದ್ದು ಬಿಟ್ಟರೆ ಅದನ್ನು ಕ್ರಮವಾಗಿ ಕಲಿಯುವ ಜಾಗ ಹತ್ತಿರದಲ್ಲಿ ಇರಲಿಲ್ಲ. ಕಡೆಗೆ ಹುಡುಗ ಮನೆ ಬಿಟ್ಟು ಓಡಿಹೋಗಿ ಗುಬ್ಬಿ ವೀರಣ್ಣನವರ ನಾಟಕ ಕಂಪೆನಿ ಸೇರಿದ. ವೀರಣ್ಣನವರು ದೊಡ್ಡ ಮನಸ್ಸಿನವರು. ಇವನ ಬುದ್ಧಿ ಕಂಡು ಮುಂದೆ ಕಾಶಿಗೆ ಓದಲು ಕಳುಹಿಸಿದರು. ಅವರೇ ಬಿ.ವಿ. ಕಾರಂತರು. ದಿಲ್ಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಕಟ್ಟಿದರು.

ಇದನ್ನು ಹೇಳುವಾಗ ನಾವೆಲ್ಲ ಹೆಮ್ಮೆಪಡುತ್ತೇವೆ. ನಮ್ಮ ಜಿಲ್ಲೆಯವರು ಅಂತ ಹೇಳುತ್ತೇವೆ. ಆದರೆ ಒಂದು ಲೆಕ್ಕ ಮಾಡುವುದಿಲ್ಲ. ಓಡಿಹೋದ ಎಲ್ಲ ಹುಡುಗರಿಗೂ ವೀರಣ್ಣನವರು ಸಿಗುವುದಿಲ್ಲ. ಓಡಲು ಧೈರ್ಯ ಸಾಲದೆ ಮನೆಯಲ್ಲೇ ಉಳಿದವರ ಹೆಸರು ಯಾರಿಗೂ ಗೊತ್ತಿಲ್ಲ. ಹೆಣ್ಣು ಮಗುವಾದರೆ ಓಡುವ ಮಾತೇ ಇಲ್ಲ. ಅಂಥವರ ಸ್ವರ, ಕೈಬರಹ, ಮಾತಿನ ಚಂದ ಎಲ್ಲ ಅಡುಗೆ ಮನೆಯಲ್ಲೋ, ಅಂಗಡಿಯ ಗಲ್ಲಾದ ಹಿಂದೆಯೋ, ಗಲ್ಫಿನ ಯಾವುದೋ ಗೋದಾಮಿನಲ್ಲೋ ಮುಗಿದುಹೋಯಿತು.

ಹಾಗಾದರೆ ಕಲೆಯ ಆಸೆ ಇರುವ ಬಡ ಮಗು ಮನೆ ಬಿಟ್ಟು ಓಡಲೇಬೇಕಾ? ಓಡದೆ ಕಲಿಯುವ ದಾರಿ ಉಂಟಾ? ಉಂಟು. ಅದಕ್ಕೆ ಉತ್ತರ ಹುಡುಕಲು ಬೇರೆ ದೇಶಕ್ಕೆ ಹೋಗಬೇಕಾಗಿಲ್ಲ. ಘಟ್ಟ ಹತ್ತಿ ಸಾಗರಕ್ಕೆ ಹೋಗಿ, ಅಲ್ಲಿಂದ ಎಂಟು ಹತ್ತು ಕಿಲೋಮೀಟರ್ ಮುಂದೆ ಹೋದರೆ ಸಾಕು. ಅಲ್ಲಿ ಹೆಗ್ಗೋಡು ಅಂತ ಒಂದು ಹಳ್ಳಿ.

ಅಡಿಕೆ ತೋಟದ ನಡುವೆ ಒಂದು ಬಾಗಿಲು

ಸ್ವಾತಂತ್ರ್ಯ ಬಂದು ಎರಡು ವರ್ಷ ಆಗಿತ್ತು. 1949ರಲ್ಲಿ ಹೆಗ್ಗೋಡಿನ ಕೆಲವು ಅಡಿಕೆ ಬೆಳೆಗಾರರು, ಊರ ಯುವಕರು ಸೇರಿ ಒಂದು ಸಂಘ ಕಟ್ಟಿದರು. ಶ್ರೀ ನೀಲಕಂಠೇಶ್ವರ ನಾಟ್ಯ ಸೇವಾ ಸಂಘ ಅಂತ ಹೆಸರು. ಅದನ್ನೇ ಚಿಕ್ಕದು ಮಾಡಿ ಈಗ ನೀನಾಸಂ ಅಂತ ಕರೆಯುವುದು. ಊರಿನವರೇ ಸೇರಿ ನಾಟಕ ಆಡಬೇಕು, ಊರಿನವರೇ ನೋಡಬೇಕು, ಅಷ್ಟೇ ಉದ್ದೇಶ. ಇಂಥ ಸಂಘ ಆ ಕಾಲದಲ್ಲಿ ಬೇಕಾದಷ್ಟು ಊರುಗಳಲ್ಲಿ ಇತ್ತು. ಬಹಳಷ್ಟು ಹತ್ತು ವರ್ಷದೊಳಗೆ ಮುಚ್ಚಿಹೋದವು. ಇದು ಮುಚ್ಚಲಿಲ್ಲ.

ಮುಚ್ಚದೆ ಇರಲು ಮುಖ್ಯ ಕಾರಣ ಕೆ.ವಿ. ಸುಬ್ಬಣ್ಣ. 1932ರಲ್ಲಿ ಹುಟ್ಟಿದವರು. ಮೈಸೂರಿಗೆ ಹೋಗಿ ಓದಿದರು. ಆ ಓದಿಗೆ ಪೇಟೆಯಲ್ಲಿ ಕೆಲಸ ಸಿಗುತ್ತಿತ್ತು. ಆದರೆ ಅವರು ಊರಿಗೆ ವಾಪಸ್ ಬಂದು ತೋಟ ನೋಡಿಕೊಂಡು ಉಳಿದರು. ಪೇಟೆಯಲ್ಲಿ ತಾನು ಕಂಡ ಒಳ್ಳೆಯ ಪುಸ್ತಕ, ಒಳ್ಳೆಯ ನಾಟಕ, ಒಳ್ಳೆಯ ಸಿನಿಮಾ ನಮ್ಮ ಊರಿನವರಿಗೂ ಯಾಕೆ ಸಿಗಬಾರದು ಎಂಬುದೇ ಅವರು ಜೀವನಪೂರ್ತಿ ಹಿಡಿದುಕೊಂಡ ವಿಷಯ. ಅಕ್ಷರ ಪ್ರಕಾಶನ ಅಂತ ಪುಸ್ತಕ ಪ್ರಕಾಶನ ಮಾಡಿದರು. ಊರಿನಲ್ಲೇ ರಂಗಮಂದಿರ ಎದ್ದಿತು. ಅದಕ್ಕೆ ನಮ್ಮ ಕರಾವಳಿಯ ಶಿವರಾಮ ಕಾರಂತರ ಹೆಸರು ಇಟ್ಟರು. 1973ರಲ್ಲಿ ಚಿತ್ರಸಮಾಜ ಶುರುವಾಯಿತು.

ಈ ಸಿನಿಮಾದ ಸಂಗತಿ ಸ್ವಲ್ಪ ನಿಧಾನವಾಗಿ ಹೇಳಬೇಕು. ಜಪಾನಿನ ಕುರೊಸಾವ, ಬಂಗಾಳದ ಸತ್ಯಜಿತ್ ರೇ, ಇಟಲಿಯ ಡಿ ಸಿಕಾ, ಇವರ ಸಿನಿಮಾಗಳನ್ನು ಆಗ ಬೆಂಗಳೂರಿನಲ್ಲೂ ಕೆಲವೇ ಜನ ನೋಡಿದ್ದರು. ಹೆಗ್ಗೋಡಿನಲ್ಲಿ ತೋಟದ ಕೆಲಸದವರು, ರೈತರು, ಮನೆಯ ಹೆಂಗಸರು ಕೂತು ನೋಡಿದರು. ಭಾಷೆ ತಿಳಿಯುವುದಿಲ್ಲವಲ್ಲ ಅಂತ ಕೇಳಬಹುದು. ಕಥೆಯನ್ನು ಮೊದಲೇ ಕನ್ನಡದಲ್ಲಿ ಹೇಳಿ ಕೊಟ್ಟರು. ಅಷ್ಟು ಮಾಡಿದರೆ ಸಾಕಾಯಿತು. ಸೈಕಲ್ ಕಳೆದುಕೊಂಡ ಬಡವನ ಸಂಕಟ ಇಟಲಿಯದ್ದಾದರೂ ಸಾಗರ ತಾಲೂಕಿನವನಿಗೆ ಅರ್ಥವಾಗದೇ ಇರುತ್ತದಾ? 'ಹಳ್ಳಿಯವರಿಗೆ ಇದೆಲ್ಲ ತಿಳಿಯುವುದಿಲ್ಲ' ಎಂಬ ಮಾತು ಅಲ್ಲಿ ಸುಳ್ಳಾಯಿತು. ಅವರಿಗೆ ಇಲ್ಲದೇ ಇದ್ದದ್ದು ಬುದ್ಧಿ ಅಲ್ಲ, ಅವಕಾಶ.

ಕನ್ನಡದಲ್ಲಿ ಪಾಠ, ಒಂದು ವರ್ಷದ ವಾಸ

1980ರಲ್ಲಿ ನೀನಾಸಂ ರಂಗಶಿಕ್ಷಣ ಕೇಂದ್ರ ಶುರುವಾಯಿತು. ನಾಟಕವನ್ನು ಶಾಸ್ತ್ರೀಯವಾಗಿ ಕಲಿಯಬೇಕು ಅಂತಿದ್ದವರು ಅಷ್ಟರ ತನಕ ಹೆಚ್ಚಾಗಿ ದಿಲ್ಲಿಯ ಕಡೆಗೆ ನೋಡುತ್ತಿದ್ದರು. ಅಲ್ಲಿ ಪಾಠ ಹಿಂದಿ, ಇಂಗ್ಲಿಷಿನಲ್ಲಿ. ಕನ್ನಡ ಶಾಲೆಯಲ್ಲಿ ಓದಿದ ಹುಡುಗ ಅರ್ಜಿ ಫಾರ್ಮ್ ನೋಡಿಯೇ ಹಿಂದೆ ಸರಿಯುತ್ತಿದ್ದ. ಹೆಗ್ಗೋಡಿನಲ್ಲಿ ಪಾಠ ಕನ್ನಡದಲ್ಲೇ. ಒಂದು ಬಾರಿಗೆ ಕೆಲವೇ ವಿದ್ಯಾರ್ಥಿಗಳು, ಸುಮಾರು ಒಂದು ಶೈಕ್ಷಣಿಕ ವರ್ಷ ಅಲ್ಲೇ ಇದ್ದು ಕಲಿಯುವುದು. ನಟನೆ ಮಾತ್ರ ಅಲ್ಲ. ದೀಪ ಹಾಕುವುದು, ಬಟ್ಟೆ ಹೊಲಿಯುವುದು, ಮರದ ಕೆಲಸ, ಬಣ್ಣ, ಹಾಡು, ನಾಟಕದ ಚರಿತ್ರೆ ಎಲ್ಲ ಕಲಿಯಬೇಕು. ವೇದಿಕೆಯಲ್ಲಿ ರಾಜನ ಪಾತ್ರ ಮಾಡುವವನೇ ಆಟ ಮುಗಿದ ಮೇಲೆ ಹಲಗೆ ಹೊರಬೇಕು.

ಇಲ್ಲಿಂದ ಬಂದವರಲ್ಲಿ ಕೆಲವರನ್ನು ನಮ್ಮ ಮನೆಯ ಮಕ್ಕಳೂ ಗುರುತು ಹಿಡಿಯುತ್ತಾರೆ. ಮಂಡ್ಯ ಜಿಲ್ಲೆಯ ಹಳ್ಳಿಯಿಂದ ಬಂದ ಸತೀಶ್ ಅವರು ಸಂಸ್ಥೆಯ ಹೆಸರನ್ನೇ ತಮ್ಮ ಹೆಸರಿಗೆ ಸೇರಿಸಿ ಸತೀಶ್ ನೀನಾಸಂ ಆಗಿದ್ದಾರೆ. ಅಚ್ಯುತ್ ಕುಮಾರ್ ಕಲಿತದ್ದೂ ಅಲ್ಲಿಯೇ. ಆದರೆ ಸಿನಿಮಾಕ್ಕೆ ಹೋದವರ ಲೆಕ್ಕ ಮಾತ್ರ ಹಿಡಿದರೆ ಕೇಂದ್ರದ ಕೆಲಸ ಪೂರ್ತಿ ತಿಳಿಯುವುದಿಲ್ಲ. ಎಷ್ಟೋ ಜನ ತಮ್ಮ ಊರಿಗೆ ವಾಪಸ್ ಹೋಗಿ ಮಕ್ಕಳಿಗೆ ರಜಾ ಶಿಬಿರ ಮಾಡಿದರು, ಶಾಲೆಗಳಲ್ಲಿ ನಾಟಕ ಶಿಕ್ಷಕರಾದರು, ಸಣ್ಣ ತಂಡ ಕಟ್ಟಿದರು. ಒಬ್ಬ ಕಲಿತು ಹೋದರೆ ಒಂದು ತಾಲೂಕಿನ ಮಕ್ಕಳಿಗೆ ಬಾಗಿಲು ತೆರೆಯಿತು ಅಂತ ಲೆಕ್ಕ.

1985ರಲ್ಲಿ ತಿರುಗಾಟ ಶುರು ಮಾಡಿದರು. ಕಲಿತವರದ್ದೇ ಒಂದು ತಂಡ, ಪ್ರತಿವರ್ಷ ಹೊಸ ನಾಟಕ, ಪರದೆ ದೀಪ ಎಲ್ಲ ವಾಹನದಲ್ಲಿ ಹೇರಿಕೊಂಡು ರಾಜ್ಯದ ಊರೂರಿಗೆ ಹೋಗುವುದು. ಮಂಗಳೂರು, ಉಡುಪಿಯವರಿಗೂ ಇವರ ನಾಟಕ ಹೊಸತಲ್ಲ. 1991ರಲ್ಲಿ ಸುಬ್ಬಣ್ಣನವರಿಗೆ ರಾಮೊನ್ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ ಹೆಗ್ಗೋಡು ಎಂಬ ಹೆಸರು ಏಷ್ಯಾಕ್ಕೆಲ್ಲ ಗೊತ್ತಾಯಿತು. 2005ರಲ್ಲಿ ಸುಬ್ಬಣ್ಣ ತೀರಿಕೊಂಡರು. ಬಾಗಿಲು ಮುಚ್ಚಲಿಲ್ಲ. ಒಬ್ಬರನ್ನೇ ನಂಬಿದ ಸಂಸ್ಥೆಗೂ ಊರನ್ನೇ ನಂಬಿದ ಸಂಸ್ಥೆಗೂ ಇರುವ ವ್ಯತ್ಯಾಸ ಇದು.

ಕಾಡಿನೊಳಗೆ ಹೋದ ನಾಟಕ

ಬಾಗಿಲು ತೆರೆದು ಕೂತರೆ ಸಾಕಾ? ಸಾಲದು. ತೀರಾ ಹಿಂದೆ ಉಳಿದವರು ತೆರೆದ ಬಾಗಿಲಿನ ತನಕವೂ ಬರುವುದಿಲ್ಲ. 'ಅದು ನಮಗಲ್ಲ' ಅಂತ ಮೊದಲೇ ತೀರ್ಮಾನ ಮಾಡಿರುತ್ತಾರೆ. ಅದಕ್ಕೆ ಹೆಗ್ಗೋಡಿನವರು ಏನು ಮಾಡಿದರು ಅಂತ ನೋಡುವುದಾದರೆ ಸಿದ್ದಿಯರ ಕಥೆ ಹೇಳಬೇಕು.

ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಿನ ಬದಿಯಲ್ಲಿ ಸಿದ್ದಿಯರು ಇದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಗುಲಾಮರಾಗಿ ಬಂದವರ ಸಂತತಿ. ಅವರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಉಂಟು. ಕೂಲಿ ಕೆಲಸ, ಕಾಡಿನ ಉತ್ಪತ್ತಿ, ಇನ್ನೊಬ್ಬರ ಗದ್ದೆಯ ದುಡಿಮೆ, ಇದೇ ಬದುಕು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅದಕ್ಕಿಂತ ಎಷ್ಟೋ ಮೊದಲು, 1980ರ ದಶಕದಲ್ಲಿ, ನೀನಾಸಂ ಬಳಗದ ಚಿದಂಬರರಾವ್ ಜಂಬೆಯವರು ಯಲ್ಲಾಪುರ ತಾಲೂಕಿನ ಮಂಚಿಕೇರಿಗೆ ಹೋಗಿ ಸಿದ್ದಿಯರ ಜೊತೆ ಒಂದು ನಾಟಕ ಕಟ್ಟಿದರು. ನೈಜೀರಿಯಾದ ಚಿನುವಾ ಅಚಿಬೆ ಅವರ ಕಾದಂಬರಿಯ ಕಥೆ. ಬಿಳಿಯರು ಬಂದಾಗ ಆಫ್ರಿಕಾದ ಒಂದು ಹಳ್ಳಿ ಹೇಗೆ ಒಡೆದುಹೋಯಿತು ಎಂಬುದು ಅದರ ವಿಷಯ. ನಾಟಕಕ್ಕೆ 'ಕಪ್ಪು ಜನ ಕೆಂಪು ನೆರಳು' ಅಂತ ಹೆಸರು.

ಸಿದ್ದಿಯರಿಗೆ ಕಲೆ ಹೊಸತಾಗಿರಲಿಲ್ಲ. ಅವರದ್ದೇ ದಮಾಮಿ ಇತ್ತು, ಕುಣಿತ ಇತ್ತು, ಹಾಡು ಇತ್ತು. ಆದರೆ ಅದನ್ನು ಕಲೆ ಅಂತ ಹೊರಗಿನವರು ಒಪ್ಪಿರಲಿಲ್ಲ. ಇಲ್ಲಿ ಅವರ ಕುಣಿತವೇ ನಾಟಕದ ಕುಣಿತವಾಯಿತು. ಯಾರನ್ನು ಊರಿನವರು ಬಣ್ಣ ನೋಡಿ ದೂರ ಇಟ್ಟಿದ್ದರೋ ಅವರೇ ನಡುವೆ ನಿಂತರು, ಊರಿನವರು ಕೆಳಗೆ ಕೂತು ನೋಡಿದರು. ಆಮೇಲೆ ಸಿದ್ದಿ ಯುವಕ ಯುವತಿಯರು ಹೆಗ್ಗೋಡಿಗೆ ಹೋಗಿ ಕಲಿತರು. ಗಿರಿಜಾ ಸಿದ್ದಿ ನಟಿ, ಹಾಡುಗಾರ್ತಿ ಆದರು. ಪ್ರಶಾಂತ್ ಸಿದ್ದಿಯವರನ್ನು ಕನ್ನಡ ಸಿನಿಮಾ ನೋಡುವವರೆಲ್ಲ ಬಲ್ಲರು.

ಇದರಲ್ಲಿ ಕ್ರಮ ಯಾವುದು ಗಮನಿಸಿ. ಮೊದಲು ಕೇಂದ್ರ ಅವರ ಊರಿಗೆ ಹೋಯಿತು. ಅವರ ಕೈಯಲ್ಲಿ ಇದ್ದದ್ದನ್ನೇ ಹಿಡಿದು ಕಲಿಸಿತು. ಆಮೇಲೆ ಅವರು ಕೇಂದ್ರಕ್ಕೆ ಬಂದರು. ನಾವು ಸಾಧಾರಣವಾಗಿ ಇದನ್ನು ತಿರುಗಿಸಿ ಮಾಡುತ್ತೇವೆ. ಪೇಟೆಯಲ್ಲಿ ಹಾಲ್ ಕಟ್ಟಿ, ಬ್ಯಾನರ್ ಹಾಕಿ, 'ಬನ್ನಿ' ಅಂತ ಕರೆದು, ಯಾರೂ ಬರಲಿಲ್ಲ ಅಂದ ಕೂಡಲೇ 'ಇವರಿಗೆ ಆಸಕ್ತಿಯೇ ಇಲ್ಲ ಮಾರಾಯ್ರೆ' ಅನ್ನುತ್ತೇವೆ.

ಫೀಸು ಒಂದೇ ಅಡ್ಡಿಯಲ್ಲ

ಬಡವರ ಮಕ್ಕಳಿಗೆ ಕಲೆ ಕಲಿಸುವುದು ಅಂದರೆ ಫೀಸು ಬಿಡುವುದು ಅಂತ ಬಹಳ ಜನ ತಿಳಿದಿದ್ದಾರೆ. ಫೀಸು ಒಂದು ಅಡ್ಡಿ, ಹೌದು. ಅದರ ಹಿಂದೆ ಇನ್ನೂ ನಾಲ್ಕು ಅಡ್ಡಿ ನಿಂತಿರುತ್ತದೆ.

ಒಂದು ದೂರ. ಕ್ಲಾಸು ಮಂಗಳೂರಿನ ಪೇಟೆಯಲ್ಲಿ, ಮಗು ಒಳನಾಡಿನಲ್ಲಿ. ಫೀಸು ಬೇಡ ಅಂದರೂ ಬಸ್ಸಿನ ಚಾರ್ಜ್ ಯಾರು ಕೊಡುವುದು, ಜೊತೆಗೆ ಯಾರು ಹೋಗುವುದು?

ಎರಡು ಹೊತ್ತು. ನಮ್ಮ ಮಕ್ಕಳ ದಿನವನ್ನು ನೋಡಿ. ಬೆಳಗ್ಗೆ ಮದ್ರಸ, ಆಮೇಲೆ ಶಾಲೆ, ಸಂಜೆ ಟ್ಯೂಷನ್ ಅಥವಾ ಮನೆ ಕೆಲಸ. ಸಂಜೆ ಆರಕ್ಕೆ ಕ್ಲಾಸು ಇಟ್ಟರೆ ಹೆಣ್ಣು ಮಕ್ಕಳು ಬರುವುದು ಹೇಗೆ? ಬೀಡಿ ಕಟ್ಟುವ ಉಮ್ಮ ಮಗಳನ್ನು ಕರೆದುಕೊಂಡು ಹೋಗಿ ಬರಲು ಎರಡು ಗಂಟೆ ಎಲ್ಲಿಂದ ತರಬೇಕು?

ಮೂರು ಮೇಲು ಖರ್ಚು. ಡ್ರೆಸ್ಸು, ಮೇಕಪ್, ಬಾಡಿಗೆ ಆಭರಣ, ವೇದಿಕೆ. ಕಲಿಯುವಾಗ ಖರ್ಚು ಇಲ್ಲದಿದ್ದರೂ ತೋರಿಸುವ ದಿನ ಖರ್ಚು ಬರುತ್ತದೆ. ಆ ದಿನ ಬಡ ಮಗು ಹಿಂದಿನ ಸಾಲಿಗೆ ಹೋಗುತ್ತದೆ.

ನಾಲ್ಕು ಸಂಕೋಚ. ಇದು ಕಣ್ಣಿಗೆ ಕಾಣುವುದಿಲ್ಲ. ಇಂಗ್ಲಿಷ್ ಮಾತಾಡುವ ಮಕ್ಕಳ ನಡುವೆ ಬ್ಯಾರಿ ಮಾತಾಡುವ ಮಗು ಬಾಯಿ ತೆರೆಯುವುದಿಲ್ಲ. ಎರಡನೇ ವಾರಕ್ಕೆ 'ಉಮ್ಮ, ನಾನು ಹೋಗುವುದಿಲ್ಲ' ಅನ್ನುತ್ತದೆ. ಉಮ್ಮನಿಗೂ ಕಾರಣ ತಿಳಿಯುವುದಿಲ್ಲ.

ಹೆಗ್ಗೋಡು ಈ ನಾಲ್ಕನ್ನೂ ಒಂದೊಂದಾಗಿ ಬಿಡಿಸಿತು. ಕೇಂದ್ರ ಹಳ್ಳಿಯಲ್ಲೇ ಇಟ್ಟದ್ದರಿಂದ ಸುತ್ತಲಿನವರಿಗೆ ದೂರ ಕಡಿಮೆಯಾಯಿತು. ದೂರದಿಂದ ಬಂದವರಿಗೆ ಅಲ್ಲೇ ಇರುವ ವ್ಯವಸ್ಥೆ ಆಯಿತು. ಬಟ್ಟೆ, ಪರದೆ, ಸಾಮಾನು ಎಲ್ಲ ತಾವೇ ಮಾಡಿಕೊಂಡದ್ದರಿಂದ ಬಾಡಿಗೆಯ ಮಾತು ಉಳಿಯಲಿಲ್ಲ. ಕನ್ನಡದಲ್ಲೇ ಕಲಿಸಿದ್ದರಿಂದ ಸಂಕೋಚ ಹೋಯಿತು.

ನಮ್ಮ ಕರಾವಳಿಯಲ್ಲೂ ಇಂಥ ಕೆಲಸ ಆಗಿದೆ. ಉಡುಪಿಯ ಇಂದ್ರಾಳಿಯಲ್ಲಿ ಇರುವ ಯಕ್ಷಗಾನ ಕೇಂದ್ರ ಮಕ್ಕಳನ್ನು ಅಲ್ಲೇ ಇರಿಸಿಕೊಂಡು, ಶಾಲೆಗೂ ಕಳುಹಿಸಿ, ಯಕ್ಷಗಾನವನ್ನೂ ಕಲಿಸಿದ ಜಾಗ. ಅಲ್ಲಿ ಗುರುಗಳಾಗಿ ಹೆಸರಾದ ಬನ್ನಂಜೆ ಸಂಜೀವ ಸುವರ್ಣರು ತಾವೇ ಬಡತನದಲ್ಲಿ ಬೆಳೆದು, ಶಾಲೆಯ ಓದು ಹೆಚ್ಚಿಲ್ಲದೆ, ಕಲೆಯಿಂದಲೇ ಮೇಲೆ ಬಂದವರು. ಶಾಲೆ ಬಿಡಿಸಿ ಕಲೆ ಕಲಿಸುವುದಲ್ಲ, ಶಾಲೆಯ ಜೊತೆಗೇ ಕಲಿಸುವುದು. ಹೆತ್ತವರಿಗೆ ಧೈರ್ಯ ಬರುವುದು ಅಲ್ಲಿಯೇ.

ನಮ್ಮ ಕೈಯಲ್ಲಿ ಏನುಂಟು?

ಈಗ ನಮ್ಮ ಮನೆಗಳ ಕಡೆಗೆ ಬರೋಣ. ನಮ್ಮ ಬಳಿ ಕಲೆ ಇಲ್ಲ ಅಂತ ಯಾರೂ ಹೇಳುವಂತಿಲ್ಲ. ದಫ್ ಉಂಟು, ಕೋಲ್ಕಳಿ ಉಂಟು. ಮದುವೆ ಮನೆಯಲ್ಲಿ ಹಾಡುವ ಹಿರಿಯ ಹೆಂಗಸರು ಇನ್ನೂ ಕೆಲವು ಊರುಗಳಲ್ಲಿ ಇದ್ದಾರೆ. ಬ್ಯಾರಿ ಭಾಷೆಯ ಗಾದೆ, ಒಗಟು, ಅಜ್ಜಿ ಕಥೆ ಉಂಟು. ಭಾಷೆಗೆ 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂತು. 2011ರ 'ಬ್ಯಾರಿ' ಸಿನಿಮಾಕ್ಕೆ ದೇಶದ ಅತ್ಯುತ್ತಮ ಚಿತ್ರ ಎಂಬ ಸ್ವರ್ಣಕಮಲ ಸಿಕ್ಕಿತು, ಮರಾಠಿಯ 'ದೇವೂಳ್' ಜೊತೆ ಹಂಚಿಕೊಂಡು. ಇಷ್ಟು ಸಣ್ಣ ಭಾಷೆಗೆ ಅದು ಸಣ್ಣ ಮಾತಲ್ಲ. ಆದರೆ ಆ ಸುದ್ದಿ ಓದಿ ಖುಷಿಪಟ್ಟ ಒಂದು ಮಗುವಿಗೆ 'ನಾನೂ ಕಲಿಯಬೇಕು' ಅನಿಸಿದರೆ ಯಾವ ಬಾಗಿಲು ತಟ್ಟಬೇಕು? ಇಲ್ಲಿ ನಾವು ಉತ್ತರ ಕೊಡಲಿಕ್ಕೆ ತಡವರಿಸುತ್ತೇವೆ.

ತಲಪಾಡಿ ದಾಟಿದರೆ ಸ್ಥಿತಿ ಸ್ವಲ್ಪ ಬೇರೆ. ಕೇರಳದ ಶಾಲಾ ಕಲೋತ್ಸವ 1957ರಿಂದ ನಡೆದು ಬಂದಿದೆ. ದಫ್‌ಮುಟ್ಟು, ಕೋಲ್ಕಳಿ, ಒಪ್ಪನ ಅದರಲ್ಲಿ ಸೇರಿವೆ. ಆದ್ದರಿಂದ ಕಾಸರಗೋಡಿನ ಸರಕಾರಿ ಶಾಲೆಯ ಮಗುವಿಗೂ ಇವುಗಳ ಪರಿಚಯ ಶಾಲೆಯಲ್ಲೇ ಆಗುತ್ತದೆ. ಮಲಪ್ಪುರಂ ಜಿಲ್ಲೆಯ ಕೊಂಡೋಟ್ಟಿಯಲ್ಲಿ ಕವಿ ಮೊಯಿನ್‌ಕುಟ್ಟಿ ವೈದ್ಯರ ಹೆಸರಿನಲ್ಲಿ ಮಾಪ್ಪಿಳ ಕಲಾ ಅಕಾಡೆಮಿಯೇ ಉಂಟು. ಆದರೆ ಅಲ್ಲಿಂದ ಒಂದು ಎಚ್ಚರಿಕೆಯನ್ನೂ ಕಲಿಯಬೇಕು. ಸ್ಪರ್ಧೆ ಜೋರಾದಂತೆ ತರಬೇತುದಾರರ ಖರ್ಚು, ಡ್ರೆಸ್ಸಿನ ಖರ್ಚು ಏರಿ, ಕಲೋತ್ಸವ ಹಣ ಇದ್ದವರ ಆಟವಾಗುತ್ತಿದೆ ಎಂಬ ದೂರು ಅಲ್ಲಿಯವರದ್ದೇ. ಬಹುಮಾನಕ್ಕೆ ಕಲಿಯುವುದು ಬೇರೆ, ಕಲಿಯಲಿಕ್ಕೆ ಕಲಿಯುವುದು ಬೇರೆ. ನಮ್ಮಲ್ಲೂ ದಫ್ ತಂಡಗಳು ಸ್ಪರ್ಧೆಯ ಸೀಸನ್ನಿನಲ್ಲಿ ಎದ್ದು ಆಮೇಲೆ ಮಲಗುವುದನ್ನು ಕಾಣುತ್ತೇವೆ.

ಇದನ್ನು ಓದುವಾಗ ಕೆಲವು ಮನೆಗಳಲ್ಲಿ ಒಂದು ಪ್ರಶ್ನೆ ಏಳುವುದು ಸಹಜ. ಉಸ್ತಾದರು ನಾಟಕ, ಸಿನಿಮಾದ ಮಾತು ಆಡುವುದಾ ಅಂತ. ಪ್ರತಿ ಮನೆಗೆ ಅದರದ್ದೇ ಒಂದು ಗೆರೆ ಉಂಟು, ಅದನ್ನು ಅಳಿಸಲಿಕ್ಕೆ ನಾವು ಹೊರಟಿಲ್ಲ. ಕಲೆ ಅಂದರೆ ನಾಟಕ ಒಂದೇ ಅಲ್ಲ. ಚಂದದ ಅಕ್ಷರ ಬರೆಯುವುದು, ಗಿಡ ಬಳ್ಳಿ ಚಿತ್ತಾರ ಬಿಡಿಸುವುದು, ಸಭೆಯಲ್ಲಿ ನಿಂತು ತಡವರಿಸದೆ ಮಾತಾಡುವುದು, ಕಥೆ ಬರೆಯುವುದು, ಪದ್ಯ ಹೇಳುವುದು, ದಫ್ ಬಾರಿಸುವುದು, ಹೊಲಿಗೆ, ಮರದ ಕೆತ್ತನೆ ಎಲ್ಲವೂ ಕಲೆಯೇ. ಕೇಂದ್ರದಲ್ಲಿ ಎಲ್ಲ ಇರಲಿ, ಯಾವುದು ಬೇಕು ಅಂತ ಮನೆಯವರು ಆರಿಸಲಿ. ಆರಿಸಲಿಕ್ಕೆ ಏನೂ ಇಲ್ಲದೇ ಇರುವುದು ಮಾತ್ರ ಬೇಡ. ಏನೂ ಇಲ್ಲದ ಮಗುವಿಗೆ ಈಗ ಸಿಗುವುದು ಮೊಬೈಲ್ ಒಂದೇ. ಅದರಲ್ಲಿ ಯಾವ ಗೆರೆಯೂ ಇಲ್ಲ ಎಂಬುದು ಎಲ್ಲ ಉಮ್ಮಂದಿರಿಗೂ ಗೊತ್ತು.

ಒಂದು ಕೋಣೆ, ವಾರಕ್ಕೆ ಎರಡು ಹೊತ್ತು

ದೊಡ್ಡ ಕಟ್ಟಡದ ಕನಸಿನಿಂದ ಶುರು ಮಾಡುವುದು ಬೇಡ. ಹೆಗ್ಗೋಡಿನಲ್ಲೂ 1949ರಲ್ಲಿ ಕಟ್ಟಡ ಇರಲಿಲ್ಲ, ಜನ ಇದ್ದರು. ಶಿಕ್ಷಣ ಕೇಂದ್ರ ಬರಲಿಕ್ಕೆ ಮೂವತ್ತೊಂದು ವರ್ಷ ಹಿಡಿಯಿತು. ಊರೂರಿಗೆ ನಾಟಕ, ಸಿನಿಮಾ ಶಿಬಿರ ಒಯ್ಯುವ ಜನಸ್ಪಂದನ ಎಂಬ ಯೋಜನೆಗೆ ಫೋರ್ಡ್ ಫೌಂಡೇಶನಿನ ಹಣ ಬಂದದ್ದು 1980ರ ದಶಕದಲ್ಲಿ. ಊರಿನವರ ಕೈಕೆಲಸ ಮೊದಲು, ಹೊರಗಿನ ಹಣ ಆಮೇಲೆ. ಹಣ ಮುಗಿದ ಮೇಲೂ ಸಂಸ್ಥೆ ಉಳಿದದ್ದು ಅದಕ್ಕೇ.

ನಮ್ಮ ಊರುಗಳಲ್ಲಿ ಏನು ಬೇಕು? ನಡೆದು ಹೋಗುವ ದೂರದಲ್ಲಿ ಒಂದು ಕೋಣೆ ಬೇಕು. ಶಾಲೆಯ ಕೋಣೆ ರಜಾ ದಿನ ಖಾಲಿ ಇರುತ್ತದೆ. ಸಂಘದ ಆಫೀಸು, ಮದುವೆ ಹಾಲಿನ ಬದಿಯ ಕೋಣೆ ವಾರದಲ್ಲಿ ಎಷ್ಟು ದಿನ ತೆರೆಯುತ್ತದೆ ಲೆಕ್ಕ ಹಾಕಿ. ಹೊತ್ತು ಮಕ್ಕಳಿಗೆ ಹೊಂದುವಂತೆ ಇರಬೇಕು. ಭಾನುವಾರ ಬೆಳಗ್ಗೆ ಹತ್ತರಿಂದ ಹನ್ನೆರಡು, ಇನ್ನೊಂದು ದಿನ ಶಾಲೆ ಬಿಟ್ಟ ಕೂಡಲೇ ಒಂದು ಗಂಟೆ. ಹೆಣ್ಣು ಮಕ್ಕಳಿಗೆ ಹೆಂಗಸರೇ ಕಲಿಸಬೇಕು. ಡಿ.ಎಡ್. ಮಾಡಿ ಮನೆಯಲ್ಲಿ ಕೂತ ಹೆಣ್ಣು ಮಕ್ಕಳು ನಮ್ಮಲ್ಲಿ ಕಡಿಮೆ ಇಲ್ಲ, ಅವರಿಗೆ ಗೌರವಧನ ಕೊಡಿ, ಪುಕ್ಕಟೆ ದುಡಿಸಬೇಡಿ. ಕಲಿಸುವ ಭಾಷೆ ಬ್ಯಾರಿ, ಕನ್ನಡ ಇರಲಿ. ಪಕ್ಕದ ಮನೆಯ ತುಳು, ಕೊಂಕಣಿ ಮಾತಾಡುವ ಮಗುವಿಗೂ ಚಾಪೆ ಹಾಸಿ. ಡ್ರೆಸ್ಸು ಬಾಡಿಗೆಗೆ ತರಬೇಡಿ, ಊರಿನ ಟೈಲರ್‌ಗಳ ಬಳಿ ಉಳಿಯುವ ಬಟ್ಟೆ ತುಂಡು ಸಾಕು. ಮಗುವೇ ಹೊಲಿಯಲಿ, ಅದೂ ಪಾಠ.

ಮತ್ತೆ ನೋಡುವವರು ಬೇಕು. ಇದನ್ನು ನಾವು ಮರೆಯುತ್ತೇವೆ. ಹೆಗ್ಗೋಡಿನ ನಿಜವಾದ ಗುಟ್ಟು ನಟರಲ್ಲ, ಪ್ರೇಕ್ಷಕರು. ತೋಟದಿಂದ ಬಂದು ನೆಲದ ಮೇಲೆ ಕೂತು ನೋಡಿದ ಆ ಜನ ಇಲ್ಲದಿದ್ದರೆ ಸಂಸ್ಥೆ ಉಳಿಯುತ್ತಿರಲಿಲ್ಲ. ತಿಂಗಳಿಗೊಮ್ಮೆ ಮಕ್ಕಳು ಬರೆದದ್ದನ್ನು, ಬಿಡಿಸಿದ್ದನ್ನು, ಹಾಡಿದ್ದನ್ನು ಊರಿನವರು ಬಂದು ನೋಡಬೇಕು. ಮುಖ್ಯ ಅತಿಥಿ ಬೇಡ, ಶಾಲು ಬೇಡ, ಫೊಟೋ ಬೇಡ. ಉಪ್ಪ ಅರ್ಧ ಗಂಟೆ ಅಂಗಡಿ ಬಿಟ್ಟು ಬಂದರೆ ಆ ಮಗುವಿಗೆ ಅದೇ ದೊಡ್ಡ ಬಹುಮಾನ.

ಖರ್ಚಿನ ಮಾತು ಬರುತ್ತದೆ. ನಮ್ಮ ಮದುವೆಗಳಲ್ಲಿ ವೇದಿಕೆಯ ಹೂವಿಗೆ ಒಂದು ದಿನ ಹೋಗುವ ಹಣದಲ್ಲಿ ಇಂಥ ಒಂದು ಕೋಣೆಯ ವರ್ಷದ ಕಾಗದ, ಬಣ್ಣ, ಗೌರವಧನಕ್ಕೆ ದೊಡ್ಡ ಪಾಲು ಸಿಗುತ್ತದೆ. ಈ ಮಳೆಗಾಲ ಮುಗಿಯುವುದರೊಳಗೆ ನಿಮ್ಮ ಊರಿನಲ್ಲಿ ಖಾಲಿ ಇರುವ ಒಂದು ಕೋಣೆ ಯಾವುದು ಅಂತ ನೋಡಿ, ಅದರ ಬೀಗದ ಕೈ ಯಾರ ಬಳಿ ಇದೆ ಅಂತ ಕೇಳಿ. ಕೆಲಸ ಅಲ್ಲಿಂದ ಶುರುವಾಗಲಿ.